ಚೌತಿಯಿಂದ ನವೆಂಬರಿಗೆ: ಹತ್ತು ವಾರದ ಮ್ಯಾರಥಾನ್ ಪಾಠಗಳು

ಚೌತಿ ಮುಗಿದ ವಾರ ಹೆಸರು ಕೊಟ್ಟೆ. ಮಂಗಳೂರಿನ ಮ್ಯಾರಥಾನ್ ನವೆಂಬರಿನಲ್ಲಿ. ಕೈಯಲ್ಲಿದ್ದದ್ದು ಹತ್ತೇ ವಾರ. ಮೊದಲ ಮ್ಯಾರಥಾನಿಗೆ ನಾಲ್ಕೈದು ತಿಂಗಳಾದರೂ ಬೇಕು ಎಂದು ಬಲ್ಲವರು ಹೇಳುತ್ತಾರೆ, ಅದು ಸರಿಯಾದ ಮಾತೇ. ಆಗ ನನಗೆ 43 ವರ್ಷ. ಪುತ್ತೂರು ಪೇಟೆಯಿಂದ ಸ್ವಲ್ಪ ಒಳಗೆ ಒಂದೂವರೆ ಎಕರೆ ಅಡಿಕೆ ತೋಟ, ವಾರಕ್ಕೆ ಮೂರು ದಿನ ಐದಾರು ಕಿಲೋಮೀಟರ್ ಓಡುವ ಅಭ್ಯಾಸ. ಓಟ ಮುಗಿಸಿದೆ. ಆಮೇಲೆ ಸುಳ್ಯ, ಕಡಬದ ಕಡೆಯ ಕೆಲವರು ಇದೇ ಅವಸರ ಹೊತ್ತು ಬಂದಿದ್ದಾರೆ, ಅವರ ಜೊತೆಗೂ ಓಡಿದ್ದೇನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಓಡಬೇಕೇ ಎಂಬುದನ್ನು ಮೊದಲ ವಾರವೇ ತೀರ್ಮಾನಿಸಿ. ಈಗಾಗಲೇ ಒಂದು ಗಂಟೆ ಆರಾಮವಾಗಿ ಓಡಿ-ನಡೆದು ಅಭ್ಯಾಸ ಇರುವವರಿಗೆ ಮಾತ್ರ ಹತ್ತು ವಾರ ಸಾಲುತ್ತದೆ. ಇಲ್ಲದವರು 21 ಕಿ.ಮೀ. ಓಟಕ್ಕೆ ಹೆಸರು ಬದಲಿಸಿಕೊಳ್ಳಲಿ. ಅದರಲ್ಲಿ ಸಣ್ಣತನವೇನೂ ಇಲ್ಲ. ಶುಗರ್, ಬಿ.ಪಿ. ಇದ್ದವರು, ಎದೆಯಲ್ಲಿ ಯಾವತ್ತಾದರೂ ಬಿಗಿತ ಕಂಡವರು ಡಾಕ್ಟರರನ್ನು ಕಾಣದೆ ಶೂ ಕೂಡ ಖರೀದಿಸಬೇಡಿ.

2. ಕಂಬಳದ ವೇಗವನ್ನು ಗದ್ದೆಯಲ್ಲೇ ಬಿಡಿ. ನಮ್ಮ ಕಡೆ ಓಟವೆಂದರೆ ಕಣ್ಣಿಗೆ ಕಟ್ಟುವುದು ಕಂಬಳ. ಪುತ್ತೂರು ಮಹಾಲಿಂಗೇಶ್ವರ ದೇವರ ಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನೋಡಿ ಬೆಳೆದವರು ನಾವು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಜೊತೆ ಓಡಿದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೇ ತಿರುಗಿ ನೋಡಿತು. ಅಷ್ಟು ದೂರವನ್ನು 296 ಸಲ ಓಡಿದರೆ ಒಂದು ಮ್ಯಾರಥಾನ್, 42.195 ಕಿ.ಮೀ.

ಹತ್ತು ವಾರದಲ್ಲಿ ವೇಗ ಕಟ್ಟಲು ಆಗುವುದಿಲ್ಲ. ಕಾಲಿನ ಮೇಲೆ ಹೆಚ್ಚು ಹೊತ್ತು ಇರುವುದನ್ನು ಕಲಿಯಬಹುದು. ನನ್ನ ಇಡೀ ತಯಾರಿ ನಿಂತದ್ದು ಈ ಒಂದು ಮಾತಿನ ಮೇಲೆ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅದೂ ದಣಿದ ಮೇಲೆ ಅಲ್ಲ, ಮೊದಲ ಕಿಲೋಮೀಟರಿನಿಂದಲೇ. ಪಕ್ಕದವರ ಜೊತೆ ಒಂದು ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆಗಬೇಕು, ಆಗದಿದ್ದರೆ ನಿಧಾನಿಸಿ. ಉಸಿರಿನ ಶಕ್ತಿ ಕೆಲವೇ ವಾರಗಳಲ್ಲಿ ಏರುತ್ತದೆ. ಸ್ನಾಯುರಜ್ಜು, ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ಅವಸರದ ತಯಾರಿಯಲ್ಲಿ ಜನ ಮುಗ್ಗರಿಸುವುದು ಈ ವ್ಯತ್ಯಾಸದಲ್ಲಿ. ಎದೆ ಓಡು ಎನ್ನುತ್ತದೆ, ಹಿಮ್ಮಡಿ ತಡೆಯುವುದಿಲ್ಲ.

3. ಭಾನುವಾರದ ಉದ್ದ ಓಟವೇ ಬೆನ್ನೆಲುಬು. ನಾನು ಹಾಕಿಕೊಂಡ ಲೆಕ್ಕ: 10, 13, 16 ಕಿ.ಮೀ., ನಾಲ್ಕನೇ ವಾರ 12ಕ್ಕೆ ಇಳಿಕೆ, ಮತ್ತೆ 19, 23, ಏಳನೇ ವಾರ 16, ಎಂಟನೇ ವಾರ 28, ಒಂಬತ್ತನೇ ವಾರ 14, ಆಮೇಲೆ ಓಟ. ವಾರದ ನಡುವೆ ಐದಾರು ಕಿಲೋಮೀಟರಿನ ಎರಡು ಸಣ್ಣ ಓಟ, ಅಷ್ಟೇ. ಉಳಿದ ದಿನ ತೋಟದ ಕೆಲಸ. ಗುಡ್ಡೆಯಿಂದ ಸೊಪ್ಪು ಹೊರುವುದು, ಬುಡ ಬಿಡಿಸುವುದು ಎಲ್ಲ ವ್ಯಾಯಾಮವೇ, ಹಾಗಾಗಿ ಅದನ್ನೂ ದಣಿವಿನ ಲೆಕ್ಕಕ್ಕೆ ಸೇರಿಸಬೇಕು. ಶನಿವಾರ ದಿನವಿಡೀ ತೋಟದಲ್ಲಿ ದುಡಿದು ಭಾನುವಾರ 23 ಓಡಲು ಹೊರಟರೆ ಕಾಲು ಉಳಿಯದು.

ತಪ್ಪಿದ ವಾರವನ್ನು ಮುಂದಿನ ವಾರದಲ್ಲಿ ಭರ್ತಿ ಮಾಡಲು ಹೋಗಬೇಡಿ. ಹೋದದ್ದು ಹೋಯಿತು.

4. ಬಸ್ಸು ಓಡುವ ದಾರಿಯಲ್ಲೇ ಓಡಿ. ನಮ್ಮ ಊರುಗಳಿಗೆ ಇದಕ್ಕಿಂತ ಉಪಯೋಗದ ಸಲಹೆ ನನ್ನಲ್ಲಿಲ್ಲ. ಪುತ್ತೂರಿನಿಂದ ಕುಂಬ್ರ, ಕಾವು, ಕನಕಮಜಲು ಹಾದು ಜಾಲ್ಸೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನನ್ನ ಉದ್ದ ಓಟಗಳೆಲ್ಲ ಆದವು. ಕಿಸೆಯಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ನೂರು ರೂಪಾಯಿ. ಮೊಣಕಾಲು ಹಿಡಿದರೆ ಅಲ್ಲೇ ನಿಂತು ಕೈ ಅಡ್ಡ ಹಿಡಿದರಾಯಿತು, ಬಸ್ಸು ಮನೆಗೆ ಮುಟ್ಟಿಸುತ್ತದೆ. ಬಸ್ಸಿಲ್ಲದ ದಾರಿಯಲ್ಲಿ ಹೋಗಿ ವಾಪಸ್ ಬರುವುದಾದರೆ ಅರ್ಧದಲ್ಲಿ ನೋವು ಬಂದರೂ ಮನೆವರೆಗೆ ಕುಂಟಲೇಬೇಕು, ಅಲ್ಲಿಗೆ ಸಣ್ಣ ನೋವು ದೊಡ್ಡದಾಗುತ್ತದೆ. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ. ಎದ್ದು ಕಾಣುವ ಬಣ್ಣದ ಅಂಗಿ ಇರಲಿ.

5. ಕಾಡಿನಂಚಿನವರು ಬೆಳಕು ಹರಿಯದೆ ಹೊರಡಬಾರದು. ಕಡಬ, ಸುಬ್ರಹ್ಮಣ್ಯದ ಕಡೆಯ ಗೆಳೆಯರಿಗೆ ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಕಡಬ ಬಳಿಯ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆ ದಾಳಿಗೆ ಇಬ್ಬರು ಬಲಿಯಾದರು. ಹಾಲಿನ ಸೊಸೈಟಿಗೆ ನಡೆದು ಹೋಗುತ್ತಿದ್ದ ಯುವತಿ ಅವರಲ್ಲಿ ಒಬ್ಬರು. ಓಟದ ಪುಸ್ತಕಗಳು ಮುಂಜಾನೆ ನಾಲ್ಕಕ್ಕೆ ಏಳಿ ಎಂದರೆ ಎನ್ನಲಿ. ನೀವು ಸಂಜೆ ನಾಲ್ಕಕ್ಕೆ, ಪೇಟೆಯ ಕಡೆಗೆ ಓಡಿ.

6. ಸೋಣ ತಿಂಗಳ ಮಳೆಗೆ ಎರಡು ಜೊತೆ ಶೂ ಬೇಕು. ನನ್ನಲ್ಲಿ ಒಂದೇ ಇತ್ತು. ನೆನೆದದ್ದನ್ನು ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಮೇಲೆ ತೂಗುಹಾಕಿದೆ. ಎರಡನೇ ರಾತ್ರಿಗೆ ಬಿಸಿಗೆ ಅಂಟು ಕರಗಿ ಅಟ್ಟೆ ಹಾಳೆಯಂತೆ ಬಾಯಿ ಬಿಟ್ಟಿತು. ಅದರ ಬದಲು ಶೂ ಒಳಗಿನ ಮೆತ್ತೆ ಹೊರಗೆ ತೆಗೆದು, ಹಳೆ ಪೇಪರ್ ಉಂಡೆಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ, ಫ್ಯಾನಿನ ಕೆಳಗೆ ಇಟ್ಟರೆ ಬೆಳಿಗ್ಗೆಗೆ ಒಣಗುತ್ತದೆ. ಪಾಚಿ ಕಟ್ಟಿದ ಕೆಂಪುಕಲ್ಲಿನ ಪಾವಟಿಗೆ, ಕಾಂಕ್ರೀಟ್ ರಸ್ತೆಯ ಇಳಿಜಾರು ಎರಡೂ ಜಾರುತ್ತವೆ. ಮಳೆಗಾಲದಲ್ಲಿ ಅಂಗಳಕ್ಕೆ ಸೋಗೆ ಹಾಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಒದ್ದೆ ಬಟ್ಟೆ ಉಜ್ಜಿ ತೊಡೆಸಂದು ಸುಲಿಯುತ್ತದೆ, ಹೊರಡುವ ಮೊದಲು ತೆಂಗಿನೆಣ್ಣೆ ದಪ್ಪಗೆ ಹಚ್ಚಿ.

7. ಕೊನೆಯ ನಾಲ್ಕು ವಾರ ಬೆಟ್ಟ ಇಳಿಯಬೇಡಿ. ಏಳನೇ ವಾರದ 16 ಕಿ.ಮೀ. ಬಿಟ್ಟು ನಾನು ಕುಮಾರಪರ್ವತ ಹತ್ತಿದೆ. 1,712 ಮೀಟರ್ ಎತ್ತರದ ಬೆಟ್ಟ, ಕಾಲಿಗೆ ಬಲ ಬರಲಿ ಎಂಬ ಆಸೆ. ಹತ್ತುವಾಗ ತೊಂದರೆಯಾಗಲಿಲ್ಲ. ಗಿರಿಗದ್ದೆ ದಾಟಿ ಕುಕ್ಕೆಗೆ ಇಳಿಯುವಾಗ ತೊಡೆಯ ಮುಂಭಾಗ ನಡುಗಲು ಶುರುವಾಯಿತು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಅದರ ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ನಾಲ್ಕು ದಿನ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಆ ವಾರ ಪೂರ್ತಿ ಓಟವಿಲ್ಲ. ಏರು ಬೇಕಿದ್ದರೆ ಬೀರಮಲೆ ಗುಡ್ಡೆಯ ರಸ್ತೆ ಸಾಕು. ಓಡುತ್ತ ಹತ್ತಿ, ನಡೆಯುತ್ತ ಇಳಿಯಿರಿ.

8. ಹೊಟ್ಟೆಗೂ ಅಭ್ಯಾಸ ಬೇಕು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸಿನಲ್ಲಿ ಬರಿದಾಗುತ್ತದೆ. ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ದಾರಿಯಲ್ಲೇ ಹೊಟ್ಟೆಗೆ ಹೋಗಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಾನು ಒಯ್ದದ್ದು ಬಾಳೆಹಣ್ಣು, ಅಡಿಕೆ ಗಾತ್ರದ ಬೆಲ್ಲದ ತುಂಡು, ಚಿಟಿಕೆ ಉಪ್ಪು. ಪ್ರತಿ ಭಾನುವಾರವೂ ಅದನ್ನೇ ತಿಂದೆ, ಆದ್ದರಿಂದ ಓಟದ ದಿನ ಹೊಟ್ಟೆ ಗೊಣಗಲಿಲ್ಲ. ಹಿಂದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಮದುವೆ ಊಟಕ್ಕೆ ಹೋಗಬೇಡಿ.

ಬರೀ ನೀರನ್ನು ಸಿಕ್ಕಿದಲ್ಲೆಲ್ಲ ಕುಡಿಯುವುದೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡುವಾಗ ತೂಕ ಏರುವಷ್ಟು ಕುಡಿದವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರು ಅವರಲ್ಲಿ ಹೆಚ್ಚು. ಮೊದಲ ಸಲ ಓಡುವ ನಮ್ಮಂಥ ನಿಧಾನದವರಿಗೇ ಈ ಎಚ್ಚರ ಬೇಕು. ಬಾಯಾರಿದಾಗ ಕುಡಿಯಿರಿ, ಜೊತೆಗೆ ಉಪ್ಪು ಇರಲಿ. ಉದ್ದ ಓಟ ಮುಗಿಸಿ ಬಂದ ಕೂಡಲೇ ಉಪ್ಪು ಹಾಕಿದ ಗಂಜಿತಿಳಿ ಒಂದು ಚೊಂಬು. ನಮ್ಮ ಅಮ್ಮಂದಿರು ಹೊಟ್ಟೆ ಕೆಟ್ಟಾಗ ಕೊಡುತ್ತಿದ್ದದ್ದು ಅದನ್ನೇ, ಕಳೆದ ನೀರು-ಉಪ್ಪು ತುಂಬಲೆಂದೇ.

ನೋವಿನ ಮಾತ್ರೆ ನುಂಗಿ ಓಡಬೇಡಿ. ನೀರು ಕಳೆದ ದೇಹದಲ್ಲಿ ಅದು ಕಿಡ್ನಿಗೆ ಹೊರೆ.

9. ಓಟದ ದಿನ. ಸಮಯದ ಮಿತಿ ಎಷ್ಟು ಎಂದು ಮೊದಲೇ ಓದಿಕೊಳ್ಳಿ. ಕತ್ತಲಲ್ಲಿ ಜನಜಂಗುಳಿಯ ಜೊತೆ ಹೊರಟಾಗ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ನಾನು ನಾಲ್ಕು-ಒಂದರ ಲೆಕ್ಕ ಬಿಡಲಿಲ್ಲ. ಬಿಸಿಲು ಏರಿ, ಕರಾವಳಿಯ ಸೆಕೆಗೆ ಬೆವರು ಆರದೆ, 33ನೇ ಕಿಲೋಮೀಟರಿನಲ್ಲಿ ಎರಡೂ ಮೀನಖಂಡ ಕಲ್ಲಾದವು. ಅಲ್ಲಿಂದ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಬರೀ ನಡಿಗೆ. ಕೊನೆಯ ಇನ್ನೂರು ಮೀಟರ್ ಮಾತ್ರ ಮತ್ತೆ ಓಡಿದೆ. 5 ಗಂಟೆ 48 ನಿಮಿಷ.

ಮುಗಿದೊಡನೆ ಕುಳಿತುಬಿಡಬೇಡಿ, ಹತ್ತು ನಿಮಿಷ ಅಡ್ಡಾಡಿ. ಪುತ್ತೂರಿಗೆ ಬಸ್ಸಿನಲ್ಲಿ ಮರಳುವುದಾದರೆ ಕಾಲು ಚಾಚಲು ಎಡೆ ಇರುವ ಸೀಟು ಹಿಡಿಯಿರಿ. ನಾನು ಕಿಟಕಿ ಪಕ್ಕ ಕುಳಿತು ಬಿ.ಸಿ. ರೋಡ್ ಮುಟ್ಟುವಾಗ ಎರಡೂ ಮೊಣಕಾಲು ಮಡಚಿದಲ್ಲೇ ಸೆಟೆದಿದ್ದವು. ಬಸ್ಸು ನಿಂತಾಗ ಇಳಿದು ಸ್ಟ್ಯಾಂಡಿನಲ್ಲಿ ನಾಲ್ಕು ಸುತ್ತು ನಡೆದೆ. ಸೀಟಿ ಊದಿದ ಮೇಲೆ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕಂಡಕ್ಟರ್ ಕೊರಳಿನ ಪದಕ ನೋಡಿದರು, ಏನೂ ಕೇಳದೆ ಕೈ ಚಾಚಿ ಮೇಲೆ ಎಳೆದುಕೊಂಡರು.