ಶಿಕ್ಷಕರ ವೇತನ ಮತ್ತು ಅರ್ಹ ಶಿಕ್ಷಕರ ಅಸಮಾನ ಹಂಚಿಕೆ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಮಂಜೂರಾದ ಒಟ್ಟು ಹುದ್ದೆಗಳ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದೆನ್ನುವುದು 26ನೇ ಸೆಕ್ಷನ್. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು ಶಿಕ್ಷಕರಿರಬೇಕು. ಅನುಪಾತವನ್ನು ಲೆಕ್ಕ ಹಾಕಬೇಕಾದದ್ದು ಪ್ರತಿ ಶಾಲೆಗೆ; ಪರೀಕ್ಷೆಯಲ್ಲಿ ರಾಜ್ಯದ ಸರಾಸರಿ ಎಂಬ ಆಯ್ಕೆ ಕೊಟ್ಟರೆ ಮೋಸಹೋಗಬೇಡಿ.

ಖಾಲಿ ಹುದ್ದೆಗಳನ್ನು ಕಡಿಮೆ ಸಂಬಳದ ನೇಮಕಾತಿಯಿಂದ ತುಂಬುವ ರೂಢಿಗೆ ಬಿಹಾರದ 'ನಿಯೋಜಿತ' ಶಿಕ್ಷಕರು ಪ್ರಸಿದ್ಧ ಉದಾಹರಣೆ. 2006ರಿಂದ ಪಂಚಾಯಿತಿ, ನಗರಸಭೆಗಳ ಮೂಲಕ ನೇಮಕವಾದ ಇವರಿಗೆ ಕಾಯಂ ಶಿಕ್ಷಕರಷ್ಟೇ ವೇತನ ಕೊಡಬೇಕೆಂದು 2017ರಲ್ಲಿ ಪಟ್ನಾ ಹೈಕೋರ್ಟ್ ಹೇಳಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದ 2016ರ ಜಗಜಿತ್ ಸಿಂಗ್ ತೀರ್ಪಿನ ಜೊತೆ ಇದನ್ನು ಓದಿಕೊಳ್ಳಿ. ಪರೀಕ್ಷಕರಿಗೆ ಈ ಜೋಡಿ ಇಷ್ಟವಾಗುವಂಥದ್ದು.

ಕರ್ನಾಟಕದಲ್ಲಿ ಈ ಜಾಗ ತುಂಬುವವರು ಅತಿಥಿ ಶಿಕ್ಷಕರು. ಗೌರವಧನವಷ್ಟೇ, ವೇತನ ಶ್ರೇಣಿಯಿಲ್ಲ. ಕಾಯಂ ಶಿಕ್ಷಕರ ವಿಷಯದಲ್ಲೂ ಒಂದು ವಿಚಿತ್ರವಿದೆ. ಊರು ದೊಡ್ಡದಾದಷ್ಟೂ ಮನೆ ಬಾಡಿಗೆ ಭತ್ಯೆ ಹೆಚ್ಚು. ಹಾಗಾಗಿ ದೂರದ ಹಳ್ಳಿಯ ಶಾಲೆಗೆ ಹೋದವರ ಕೈಗೆ ಬರುವುದೇ ಕಡಿಮೆ. ಹೀಗಿರುವಾಗ ಪಟ್ಟಣದ ವರ್ಗಾವಣೆಗೆ ಪೈಪೋಟಿ ಸಹಜ. ಅದನ್ನು ನಿಯಂತ್ರಿಸಲು ಮೊದಲು 2007ರಲ್ಲಿ, ಆಮೇಲೆ 2020ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಗಳು ಬಂದವು.

ವರ್ಗಾವಣೆ ನಿಯಂತ್ರಣದ ಜೊತೆಗೆ ಇನ್ನೊಂದು ದಾರಿ ಸ್ಥಳೀಯರ ನೇಮಕ: ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಲ್ಲಿ ಸ್ಥಳೀಯರಿಗೆ ಹುದ್ದೆ ಮೀಸಲಿಡಲು ಆಧಾರ ಸಂವಿಧಾನದ 371(ಜೆ) ವಿಧಿ. 98ನೇ ತಿದ್ದುಪಡಿಯಿಂದ ಸೇರಿದ್ದು.