ತಾನಾಗಿ ಮುಗಿಯದ ಚಂದಾ

ಯಲಹಂಕದಿಂದ ಯಶವಂತಪುರಕ್ಕೆ ದಿನಾ ಓಡಾಡುವವರ ಬಿಎಂಟಿಸಿ ಮಾಸಿಕ ಪಾಸಿಗೆ ಒಂದು ದೊಡ್ಡ ಗುಣವಿದೆ. ಅವಧಿ ತೀರಿದ ದಿನ ಅದು ಸುಮ್ಮನೆ ಸತ್ತುಹೋಗುತ್ತದೆ. 2025ರ ಜನವರಿಯಲ್ಲಿ ಸಾಮಾನ್ಯ ಪಾಸು 1,200 ರೂಪಾಯಿಗೆ ಏರಿದಾಗ ಗೊಣಗದವರಿಲ್ಲ. ಪ್ರತಿ ಸಲವೂ ಜೇಬಿಗೆ ಕೈ ಹಾಕಬೇಕಲ್ಲ, ಅದಕ್ಕೇ ಆ ಗೊಣಗಾಟ. ಅದೇ ಬಸ್ಸಿನಲ್ಲಿ ಕೂತು ತಿಕ್ಕುವ ಮೊಬೈಲಿನ ಚಂದಾಗಳ ಬಗ್ಗೆ ಯಾರೂ ಗೊಣಗುವುದಿಲ್ಲ, ಏಕೆಂದರೆ ಅವು ಕೇಳದೆಯೇ ಕತ್ತರಿಸಿಕೊಳ್ಳುತ್ತವೆ. ಆ್ಯಪ್ ಚಂದಾ ರದ್ದು ಮಾಡಲು ಬೇಸರ ಬರುವ ದಿನಕ್ಕೆ ಕಾಯಬಾರದು, ಕೊಂಡ ದಿನವೇ ಮಾಡಬೇಕು ಎಂಬುದು ನನ್ನ ವಾದ.

ಹೊಸ ವರ್ಷದ ಹುರುಪಿನಲ್ಲಿ ಕೊಳ್ಳುವ ವ್ಯಾಯಾಮದ ಆ್ಯಪ್ ಒಂದನ್ನೇ ತೆಗೆದುಕೊಳ್ಳಿ. ತಿಂಗಳಿಗೆ 199 ರೂಪಾಯಿ, ವರ್ಷಕ್ಕಾದರೆ 1,499 ಎಂದಿಟ್ಟುಕೊಳ್ಳೋಣ. ಹನ್ನೆರಡು ತಿಂಗಳಿಗೆ 2,388 ಆಗುವುದರಿಂದ 889 ಉಳಿಯಿತೆಂದು ಪರದೆ ಮಿನುಗುತ್ತದೆ. ಆದರೆ 1,499ನ್ನು 199ರಿಂದ ಭಾಗಿಸಿದರೆ ಬರುವುದು ಏಳೂವರೆ. ಎಂದರೆ ಎಂಟನೆಯ ತಿಂಗಳಿಗೂ ಬೆವರು ಹರಿಸುವವರಿಗೆ ಮಾತ್ರ ಲಾಭ. ಏಪ್ರಿಲ್ ಬಿಸಿಲಿಗೆ ಹುರುಪು ಬತ್ತಿತೆನ್ನಿ, ನಾಲ್ಕು ತಿಂಗಳಿಗೆ 796 ಸಾಕಿತ್ತು, 703 ದಂಡ. ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಜನವರಿಯಲ್ಲಿ ಆಟೋಪೇ ಮತ್ತೆ 1,499 ಎಳೆಯುತ್ತದೆ. ನಾಲ್ಕು ತಿಂಗಳ ಬಳಕೆಗೆ 2,998, ತಿಂಗಳಿಗೆ ಸುಮಾರು 750. ತಿಂಗಳಿಗೆ 199 ದುಬಾರಿಯಾಯಿತು ಎಂದು ವಾರ್ಷಿಕ ಪ್ಲಾನ್ ಹಿಡಿದವರ ಜಾಣತನದ ಬೆಲೆ ಇದು.

ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ ಎನ್ನಬಹುದು. ಇದೆ. 2021ರ ಅಕ್ಟೋಬರ್ 1ರಿಂದ ದುಡ್ಡು ಕತ್ತರಿಸುವ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಹೋಗಲೇಬೇಕು. ಆದರೆ 2022ರ ಜೂನ್‌ನಿಂದ 15,000 ರೂಪಾಯಿವರೆಗಿನ ಮರುಕಂತಿಗೆ ಒಟಿಪಿಯಾಗಲಿ ಪಿನ್ ಆಗಲಿ ಬೇಕಿಲ್ಲ. ಸೂಚನೆಯೇನೋ ಬರುತ್ತದೆ, ಬೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್, ಸಾಲದ ಜಾಹೀರಾತುಗಳ ನಡುವೆ ಹೂತುಹೋಗುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಬಗೆಯ ಆನ್‌ಲೈನ್ ಕಪಟಗಳಲ್ಲಿ ಚಂದಾ ಬಲೆಯೂ ಒಂದು. 1915ಕ್ಕೆ ಕರೆ ಮಾಡಿ ದೂರಬಹುದು. ಆದರೆ ದುಡ್ಡು ಹೋದದ್ದೇ ಗೊತ್ತಾಗದವರು ಏನೆಂದು ದೂರಬೇಕು? ರದ್ದತಿಯ ಪರದೆಗಳನ್ನು ಗಮನಿಸಿ. ‘ಮುಂದುವರಿಸಿ’ ಎಂಬುದು ಅಂಗೈಯಗಲದ ಹಸಿರು ಗುಂಡಿ, ‘ಆದರೂ ರದ್ದು ಮಾಡಿ’ ಎಂಬುದು ಅದರಡಿ ಇರುವೆಸಾಲಿನಂಥ ಬೂದು ಅಕ್ಷರ, ಮೇಲೆ ಕಣ್ಣೀರಿಡುವ ಗೊಂಬೆ. ಒಂದು ರೂಪಾಯಿಯ ಟ್ರಯಲ್ ಬಗ್ಗೆ ನನಗಂತೂ ಎಳ್ಳಷ್ಟೂ ನಂಬಿಕೆಯಿಲ್ಲ. ಆ ರೂಪಾಯಿಗೆ ಅವರು ಕೊಳ್ಳುವುದು ನಮ್ಮ ಮರೆವನ್ನು.

ಆಟೋಪೇ ಇಲ್ಲದಿದ್ದರೆ ಎಲ್‌ಐಸಿ ಕಂತು, ಎಸ್‌ಐಪಿ ತಪ್ಪಿಹೋಗುವುದಿಲ್ಲವೇ? ತಪ್ಪುತ್ತದೆ. ಕಟ್ಟಲು ಮರೆತರೆ ನಷ್ಟವಾಗುವಂಥದಕ್ಕೆ ಆಟೋಪೇ ಇರಲಿ. ಮರೆತರೆ ಏನೂ ಆಗದಿದ್ದರೆ ಅದು ಬೇಡವಾದದ್ದೇ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ, ಐಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನಡಿ ರದ್ದು ಮಾಡಿ, ಯುಪಿಐ ಆ್ಯಪಿನ ಆಟೋಪೇ ಪಟ್ಟಿಯನ್ನೂ ನೋಡಿ. ಕೊಂಡ ದಿನವೇ ರದ್ದು ಮಾಡಿದರೂ ದುಡ್ಡು ಕೊಟ್ಟ ಅವಧಿಯವರೆಗೆ ಸೇವೆ ಸಾಮಾನ್ಯವಾಗಿ ನಡೆಯುತ್ತದೆ. ಉಚಿತ ಟ್ರಯಲ್ ಕೂಡಲೇ ನಿಂತರೆ ನಿಲ್ಲಲಿ. ಹಿಂದೆ ಹಾಲು ಬೇಡವಾದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಡ್ಡಗೆರೆ ಬೀಳುತ್ತಿತ್ತು, ತಿಂಗಳ ಕೊನೆಗೆ ಗೆರೆ ಎಣಿಸಿ ದುಡ್ಡು ಕೊಡುತ್ತಿದ್ದರು. ಅರ್ಧ ಲೀಟರಿಗೆ ಇದ್ದ ಆ ಎಚ್ಚರ ನೂರಾರು ರೂಪಾಯಿಗೆ ಇರಬಾರದೇ? ಆ್ಯಪ್ ಬೇಕೆನಿಸಿದರೆ ಮತ್ತೆ ಕೊಳ್ಳಿ, ಬಸ್ ಪಾಸಿನ ಹಾಗೆ, ಗೊಣಗುತ್ತಲೇ.