ಪ್ಲೈವುಡ್ ರಫ್ತು: ಇಂಡೊನೇಷ್ಯಾ ಹಿಂದೆ ಬಿದ್ದದ್ದೇಕೆ?

ಪ್ರಶ್ನೆ: ಎಂ.ಎ. ಪ್ರಬಂಧಕ್ಕಾಗಿ ಇಂಡೊನೇಷ್ಯಾ ಮತ್ತು ಮಲೇಷ್ಯಾಗಳ ಪ್ಲೈವುಡ್ ರಫ್ತನ್ನು ಹೋಲಿಸುತ್ತಿದ್ದೇನೆ. 1990ರ ಸುಮಾರಿಗೆ ಇಂಡೊನೇಷ್ಯಾ ಬಹಳ ಮುಂದಿತ್ತು. 2005ರ ಹೊತ್ತಿಗೆ ಮಲೇಷ್ಯಾ ಅದನ್ನು ದಾಟಿದೆ. ಮಲೇಷ್ಯಾದ ಕಾರ್ಖಾನೆಗಳೇ ಹೆಚ್ಚು ದಕ್ಷ ಎಂದು ಬರೆಯಬಹುದೇ ಸರ್?
— ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡಮ್ಮ, ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. 1970ರ ದಶಕದಲ್ಲಿ ಇಂಡೊನೇಷ್ಯಾ ದಿಮ್ಮಿಗಳನ್ನೇ ಹಡಗಿಗೆ ತುಂಬಿ ಜಪಾನ್, ಕೊರಿಯಾ, ತೈವಾನ್‌ಗಳಿಗೆ ಕಳಿಸುತ್ತಿತ್ತು. ಪ್ಲೈವುಡ್ ಮಾಡಿದ ಲಾಭ ಅಲ್ಲಿನವರ ಪಾಲಾಗುತ್ತಿತ್ತು. 1980ರಿಂದ ಸರ್ಕಾರ ಇದನ್ನು ಹಂತಹಂತವಾಗಿ ಬಿಗಿಗೊಳಿಸಿ, 1985ರಲ್ಲಿ ದಿಮ್ಮಿ ರಫ್ತನ್ನು ನಿಷೇಧಿಸಿತು. ಕಾಡಿನ ಗುತ್ತಿಗೆದಾರರು ಕಾರ್ಖಾನೆ ಕಟ್ಟಲೇಬೇಕಾಯಿತು. ಅಧ್ಯಕ್ಷ ಸುಹಾರ್ತೊ ಅವರ ಆಪ್ತ ಬಾಬ್ ಹಸನ್ ನಡೆಸುತ್ತಿದ್ದ ‘ಆಪ್ಕಿಂಡೊ’ ಒಕ್ಕೂಟ ಯಾವ ದೇಶಕ್ಕೆ ಎಷ್ಟು ಮಾಲು, ಯಾವ ಬೆಲೆಗೆ ಎಂಬುದನ್ನು ನಿಗದಿ ಮಾಡುತ್ತಿತ್ತು. ಹೊರಗೆ ಹೋಗಲಾಗದ ದಿಮ್ಮಿ ಒಳಗೆ ಅಗ್ಗವಾಯಿತು. ಅಗ್ಗದ ಮರವನ್ನು ಜತನದಿಂದ ಬಳಸುವವರು ಕಡಿಮೆ. ಈ ಅಂಶಕ್ಕೆ ನಿಮ್ಮ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ರಫ್ತಿನ ಕೋಷ್ಟಕದಲ್ಲಿ ಏರಿದ ಗೆರೆ ಸುಮಾತ್ರಾ ಮತ್ತು ಕಾಲಿಮಂತಾನ್‌ಗಳ ಹೆಮ್ಮರಗಳನ್ನು ತಿಂದು ಏರಿದ್ದು. 1998ರ ಜನವರಿಯಲ್ಲಿ, ಐಎಂಎಫ್ ಸಾಲದ ಷರತ್ತಿನಂತೆ ಆಪ್ಕಿಂಡೊ ಹಿಡಿತ ಕೊನೆಗೊಂಡಾಗ ಸುಲಭಕ್ಕೆ ಸಿಗುವ ಮರವೂ ತೀರುತ್ತ ಬಂದಿತ್ತು.

ಮಲೇಷ್ಯಾದ ಬೆಳವಣಿಗೆ ಹೆಚ್ಚಾಗಿ ಸಬಾ, ಸರವಾಕ್‌ಗಳ ಕಾರ್ಖಾನೆಗಳದ್ದು. ಜಪಾನ್ ದೊಡ್ಡ ಗಿರಾಕಿ. ಆದರೆ ಕಾಲಿಮಂತಾನ್‌ನ ದಿಮ್ಮಿಗಳು ಕಳ್ಳದಾರಿಯಲ್ಲಿ ಗಡಿ ದಾಟಿ ಸರವಾಕ್ ಸೇರುತ್ತಿದ್ದವು. 2002ರಲ್ಲಿ ಮಲೇಷ್ಯಾ ತಾನೇ ಇಂಡೊನೇಷ್ಯಾದ ದಿಮ್ಮಿ ಆಮದನ್ನು ನಿಷೇಧಿಸಬೇಕಾಯಿತು. ಹಾಗಿರುವಾಗ ಮಲೇಷ್ಯಾದ ರಫ್ತನ್ನೆಲ್ಲ ಅದರ ದಕ್ಷತೆಯ ಲೆಕ್ಕಕ್ಕೇ ಬರೆಯುವುದು ಹೇಗೆ?

ಪ್ರಶ್ನೆ: ಹೋಲಿಕೆಗೆ ಡಾಲರ್ ಲೆಕ್ಕ ಒಳ್ಳೆಯದೋ, ಘನ ಮೀಟರ್ ಲೆಕ್ಕವೋ?
— ಉಪನ್ಯಾಸಕ, ಶಿವಮೊಗ್ಗ

ಉತ್ತರ: ಎರಡನ್ನೂ ಇಟ್ಟುಕೊಳ್ಳಿ. ಡಾಲರ್ ಲೆಕ್ಕದಲ್ಲಿ ಬೆಲೆಯ ಏರಿಳಿತ ಸೇರಿರುತ್ತದೆ. ಕಾಡಿನ ಮೇಲಿನ ಭಾರ ತಿಳಿಯಬೇಕಾದರೆ ಘನ ಮೀಟರೇ ಬೇಕು. ವಿಶ್ವಸಂಸ್ಥೆಯ ಎಫ್‌ಎಒ ಅಂಕಿಅಂಶ 1961ರಿಂದ ಸಿಗುತ್ತದೆ. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆಗೆ ಅದರಲ್ಲಿ ಪ್ರತ್ಯೇಕ ಸಾಲು ಬಂದದ್ದು 1995ರಿಂದ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಆ ಸಾಲು ಖಾಲಿ ಇದೆಯೆಂದು ರಫ್ತೇ ಇರಲಿಲ್ಲ ಎಂದುಕೊಳ್ಳಬಾರದು. ಪ್ಲೈವುಡ್ ಒಂದನ್ನೇ ನೋಡಿದರೆ ಇನ್ನೊಂದು ಸಂಗತಿಯೂ ತಪ್ಪಿಹೋಗುತ್ತದೆ. ಮಲೇಷ್ಯಾ ಪರ್ಯಾಯ ದ್ವೀಪದಲ್ಲಿ ಹಾಲು ಬತ್ತಿದ ರಬ್ಬರ್ ಮರಗಳಿಂದ ಎಂಡಿಎಫ್ ಮಾಡುತ್ತಾರೆ. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಹೇಗೂ ಕಡಿಯಬೇಕಾದ ಮರವದು. ಮಳೆಕಾಡಿನ ಪ್ಲೈವುಡ್ಡನ್ನೂ ಇದನ್ನೂ ಒಟ್ಟು ಕೂಡಿ ಒಂದೇ ಸಂಖ್ಯೆ ಮಾಡಬೇಡಿ. ಜಾವಾದ ರೈತರು ಬೆಳೆಯುವ ಸೆಂಗೊನ್ ಮರದ ಪ್ಲೈವುಡ್ಡಿಗೂ ಇದೇ ಮಾತು.

ಪ್ರಶ್ನೆ: ನಮ್ಮ ಮಂಗಳೂರು ಬಂದರಿಗೆ ಮಲೇಷ್ಯಾದ ದಿಮ್ಮಿ ಬರುತ್ತಿತ್ತಲ್ಲ, ಅದು ಈ ಲೆಕ್ಕದಲ್ಲಿ ಸೇರುತ್ತದೆಯೇ?
— ಮರದ ವ್ಯಾಪಾರಿ, ಮಂಗಳೂರು

ಉತ್ತರ: ಸೇರುವುದಿಲ್ಲ. ದಿಮ್ಮಿಯದು ಬೇರೆ ವಿಭಾಗ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದ ನಂತರ ನಮ್ಮ ಕಾಡುಗಳಲ್ಲಿ ಕಡಿತಕ್ಕೆ ಬಿಗಿ ಬಂತು. ದಿಮ್ಮಿ ರಫ್ತು ಮುಂದುವರಿಸಿದ್ದ ಸರವಾಕ್‌ಗೆ ಭಾರತ ದೊಡ್ಡ ಗಿರಾಕಿಯಾಯಿತು. ಆ ಮರ ಇಲ್ಲಿ ಪ್ಲೈವುಡ್ ಆದಾಗ ಅದು ಭಾರತದ ಉತ್ಪಾದನೆಯ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಹಳೆಯ ಖರೀದಿ ಪುಸ್ತಕಗಳಿದ್ದರೆ ಧಾರವಾಡದ ಆ ವಿದ್ಯಾರ್ಥಿನಿಗೆ ನೋಡಲು ಕೊಡಿ. ಯಾವ ವರ್ಷ ಯಾವ ಜಾತಿಯ ಮರ, ಯಾವ ಬೆಲೆಗೆ ಬಂತೆಂಬ ವಿವರ ಅವರಿಗೆ ತುಂಬ ಬೇಕಾದದ್ದು.